ಒಂದು ಖಾನೆಗೆ ಒಂದೇ ಅಕ್ಷರ

ವಿಜಾಪುರ ರಸ್ತೆ, ಸೊಲ್ಲಾಪುರ
೩ ಫೆಬ್ರುವರಿ ೧೯೫೭

ಪ್ರೀತಿಯ ಅಕ್ಕನಿಗೆ,

ಜೈಭೀಮ. ನಾನು ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಬರೆ.

ಮಿಲ್ಲಿನ ಟೈಮ್ ಆಫೀಸಿನಲ್ಲಿ ನೌಕರಿ ಸಿಕ್ಕಿತು ಎಂದು ಹೋದ ಸಲ ಎರಡೇ ಸಾಲು ಬರೆದೆನೆಂದು ನೀನು ಸಿಟ್ಟಾಗಿದ್ದೀ. ಅದಕ್ಕೇ ಈ ಸಲ ಲಕೋಟೆ ತುಂಬ ಬರೆಯುತ್ತಿದ್ದೇನೆ, ಓದಿ ಸಾಕಾದರೆ ನನ್ನನ್ನು ಬೈಯಬೇಡ.

ಮಿಲ್ಲಿಗೆ ವಿಲಾಯತಿಯಿಂದ ಒಂದು ಯಂತ್ರ ಬಂದಿದೆ. ಹಾಜರಿ, ಪಗಾರ, ಯಾರು ಯಾವ ಖಾತೆ, ಅಂದರೆ ಯಾವ ವಿಭಾಗ, ಎಲ್ಲವನ್ನೂ ಅದೇ ನೋಡುತ್ತದೆ. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ದಪ್ಪ ಕಾಗದದ ಕಾರ್ಡು. ಕಾರ್ಡಿನ ತುಂಬ ಉದ್ದುದ್ದ ಖಾನೆಗಳು. ನಾನು ಗುಂಡಿ ಒತ್ತಿದರೆ ಖಾನೆಯಲ್ಲಿ ತೂತು ಬೀಳುತ್ತದೆ. ಅಂಕಿಗೆ ಒಂದು ತೂತು, ಅಕ್ಷರಕ್ಕೆ ಎರಡು. ಒಂದು ಖಾನೆಗೆ ಒಂದೇ ಅಕ್ಷರ, ಎರಡನೆಯದಕ್ಕೆ ಜಾಗವಿಲ್ಲ. ಅದೂ ಇಂಗ್ಲಿಷ್ ಅಕ್ಷರ ಮಾತ್ರ. ನೀನು ಮಕ್ಕಳ ಕೈಗೆ ಹೊಡೆದು ತಿದ್ದಿಸುವ ಒತ್ತು, ದೀರ್ಘ ಇವೆಲ್ಲ ಅದರ ಹೊಟ್ಟೆಗೆ ಹೋಗುವುದಿಲ್ಲ.

ಯಂತ್ರ ಅಕ್ಷರವನ್ನು ಓದುತ್ತದೆ ಎಂದೇ ನಾನು ಮೊದಲು ತಿಳಿದಿದ್ದೆ. ಓದುವುದಿಲ್ಲ ಅಕ್ಕ. ಅದಕ್ಕೆ ಅಕ್ಷರವೆಂಬುದೇ ಗೊತ್ತಿಲ್ಲ, ತೂತು ಎಲ್ಲಿದೆ ಎನ್ನುವುದಷ್ಟೇ ಗೊತ್ತು. ಅದರ ಪಾಲಿಗೆ ಪ್ರತಿ ಅಕ್ಷರವೂ ಒಂದು ನಂಬರು. ಆ ನಂಬರು ನೋಡಿ ಕಾರ್ಡುಗಳನ್ನು ಬೇರೆ ಬೇರೆ ಗೂಡಿಗೆ ಹಾಕುತ್ತದೆ. ಹಾಗೆಂದು ಅಂಕಿಯೆಲ್ಲ ಲೆಕ್ಕಕ್ಕೆ ಬರುವ ಅಂಕಿಯಲ್ಲ. ಕೆಲಸಗಾರನ ಬಿಲ್ಲೆಯ ನಂಬರು ನೋಡು, ಕಾಣುವುದಕ್ಕೆ ಅಂಕಿ, ನಿಜದಲ್ಲಿ ಅದು ಹೆಸರು. ಇಬ್ಬರ ಬಿಲ್ಲೆ ಕೂಡಿಸಿದರೆ ಮೂರನೆಯವನು ಹುಟ್ಟುವುದಿಲ್ಲ. ನಮ್ಮ ಹೆಡ್ ಕ್ಲಾರ್ಕ್ ಸಿದ್ದರಾಮಪ್ಪನವರು ಹೀಗೆ ಹೇಳಿದಾಗ ಎಲ್ಲರೂ ನಕ್ಕೆವು. ಇನ್ನೊಂದು ಮಜಾ ಕೇಳು. ಖಾಲಿ ಬಿಟ್ಟ ಖಾನೆ ಎಂದರೆ ಸೊನ್ನೆಯಲ್ಲ, ಸೊನ್ನೆಗೂ ತೂತು ಬೇಕು. ಖಾಲಿಯೂ ಒಂದು ಅಕ್ಷರವೇ. ಅದಕ್ಕೂ ಬೇರೆ ಗೂಡಿದೆ.

ಜಾತಿಗೂ ಒಂದು ಖಾನೆ ಇಟ್ಟಿದ್ದಾರೆ. ಲಿಂಗಾಯತರಿಗೆ ಎಲ್, ಮರಾಠರಿಗೆ ಎಂ, ನಮ್ಮವರಿಗೆ ಎಚ್, ಅಂದರೆ ಹರಿಜನ. ನಾವು ಈಗ ಬೌದ್ಧರು, ಬಿ ಕೊಡಿ ಎನ್ನೋಣವೆಂದರೆ ಅದನ್ನು ಬ್ರಾಹ್ಮಣರು ಆಗಲೇ ಹಿಡಿದು ಕೂತಿದ್ದಾರೆ. ನೇಯ್ಗೆ ಖಾತೆಗೆ ಆಳು ಬೇಕಾದಾಗ ಎಚ್ ಗೂಡು ಬಿಟ್ಟು ಉಳಿದವರ ಯಾದಿ ಹೋಗುತ್ತದೆ. ಮೊದಲು ಆಳುಗಳ ಮೇಸ್ತ್ರಿ ಮುಕಾದಮ ಜಾತಿ ಯಾವುದೆಂದು ಬಾಯಿಬಿಟ್ಟು ಕೇಳುತ್ತಿದ್ದ, ಈಗ ಕೇಳುವ ಕೆಲಸವಿಲ್ಲ.

ಇಲ್ಲಿ ಲಕ್ಷ್ಮೀಬಾಯಿ ಎಂಬವರ ಖಾನಾವಳಿಯಲ್ಲಿ ಊಟ. ರೊಟ್ಟಿ ನಿನ್ನಷ್ಟು ತೆಳ್ಳಗೆ ಬಡಿಯುವುದಿಲ್ಲ.

ನಿನ್ನ ತಮ್ಮ,
ಸೈದಪ್ಪ


ಅಕ್ಕಲಕೋಟೆ
೧೭ ಫೆಬ್ರುವರಿ ೧೯೫೭

ಪ್ರೀತಿಯ ಸೈದಪ್ಪನಿಗೆ ಅಕ್ಕ ಹಿರಾಬಾಯಿಯ ಆಶೀರ್ವಾದ. ಜೈಭೀಮ.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ತೂತ ಹೊಡ್ಯಾಕ ಮ್ಯಾಟ್ರಿಕ್ ಯಾಕ ಬೇಕಿತ್ತ? ಜರಡಿ ಮಾಡಾವ್ರ ಹಂತ್ಯಾಕ ಕೂತಿದ್ರ ಯಾಡ್ ದಿನದಾಗ ಕಲೀತಿದ್ದ" ಎಂದಳು. ಹೇಳಿದ್ದು ಹಾಗೆ, ಆದರೆ ಓಣಿಯ ತುಂಬ "ನಮ್ಮ ಸೈದ್ಯಾ ಮಿಲ್ಲಿನ ಆಫೀಸಿನಾಗ ಕುರ್ಚಿಮ್ಯಾಲ ಕುಂಡರ್ತಾನ" ಎಂದು ಡಂಗುರ ಹೊಡೆದು ಬಂದಿದ್ದಾಳೆ.

ಈಗ ಕೆಲಸದ ಮಾತು. ನಿನ್ನ ಮಾವನವರು, ನಮ್ಮ ಮನೆಯವರು, ಸರ್ಕಾರದ ಕೈಮಗ್ಗ ಕೇಂದ್ರದಲ್ಲಿ ನೇಯ್ದದ್ದನ್ನು ನೀನೇ ನೋಡಿದ್ದೀ. ಅಂಚು ಕಟ್ಟುವುದರಲ್ಲಿ ಅವರಂಥ ಕೈ ಈ ಸುತ್ತಿನಲ್ಲಿ ಇಲ್ಲ ಎಂದು ಕಲಿಸುವ ಮಾಸ್ತರೇ ಹೇಳುತ್ತಿದ್ದರು. ಕೇಂದ್ರ ಮುಚ್ಚಿದ ಮೇಲೆ ರಸ್ತೆಗೆ ಜಲ್ಲಿ ಒಡೆಯಲು ಹೋಗುತ್ತಿದ್ದಾರೆ. ಸಂಜೆ ಬಂದು ಅಂಗೈ ತಿರುವಿ ತಿರುವಿ ನೋಡಿಕೊಳ್ಳುತ್ತಾರೆ. "ಇನ್ನೊಂದ ವರ್ಷ ಹಿಂಗ ಆದ್ರ ಎಳಿ ಕೈಗೆ ಹತ್ತೂದಿಲ್ಲ ನೋಡು" ಎಂದು ಮೊನ್ನೆ ಹೇಳಿದರು. ಧೂಳಪ್ಪ ಎಂಬ ಹೆಸರಿಗೆ ತಕ್ಕ ಕೆಲಸ ಸಿಕ್ಕಿತು ಎಂದು ತಾವೇ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನೇಯ್ಗೆ ಖಾತೆಗೆ ನಮ್ಮವರನ್ನು ಯಾಕೆ ಬಿಡುವುದಿಲ್ಲ ಎಂದು ನನಗೂ ಗೊತ್ತು. ಲಾಳಿ ತುಂಬಿದಾಗಲೆಲ್ಲ ನೂಲಿನ ತುದಿಯನ್ನು ಅದರ ಕಣ್ಣಿನಿಂದ ಬಾಯಲ್ಲಿ ಹೀರಿ ತೆಗೆಯಬೇಕು. ಪಾಳಿ ಬದಲಾದರೆ ಅದೇ ಲಾಳಿಗೆ ಇನ್ನೊಬ್ಬನ ಬಾಯಿ. ನಮ್ಮವರು ಬಾಯಿ ಹಚ್ಚಿದ್ದಕ್ಕೆ ಅವರು ಹಚ್ಚುವುದಿಲ್ಲ. ನಾವು ನೇಯ್ದ ಬಟ್ಟೆ ಉಡಲು ಮಾತ್ರ ಯಾರಿಗೂ ಮೈಲಿಗೆಯಿಲ್ಲ.

ನೀನೇ ಬರೆದಿದ್ದೀ, ಒಂದು ಖಾನೆ, ಎರಡು ತೂತು. ಯಂತ್ರಕ್ಕೆ ಅಕ್ಷರವೂ ಗೊತ್ತಿಲ್ಲ, ಮನುಷ್ಯನೂ ಗೊತ್ತಿಲ್ಲ. ಹಾಗಿದ್ದರೆ ಮಾವನ ಕಾರ್ಡಿಗೆ ಎಚ್ ಬಿಟ್ಟು ಬೇರೆ ಏನಾದರೂ ಹೊಡೆ. ಒಮ್ಮೆ ಮಗ್ಗದ ಮುಂದೆ ನಿಂತರೆ ಮುಂದಿನದನ್ನು ಅವರ ಕೈ ನೋಡಿಕೊಳ್ಳುತ್ತದೆ. ನಿನ್ನನ್ನು ನಾನು ಬೇರೆ ಏನೂ ಕೇಳಿಲ್ಲ, ಇದೊಂದನ್ನು ಕೇಳುತ್ತಿದ್ದೇನೆ.

ಹಿರಾಬಾಯಿ


ಸೊಲ್ಲಾಪುರ
೪ ಮಾರ್ಚ್ ೧೯೫೭

ಅಕ್ಕನಿಗೆ,

ನೀನು ಕೇಳಿದ್ದು ಸಣ್ಣ ಕೆಲಸವೆಂದು ತಿಳಿದಿದ್ದೀ. ಅಕ್ಷರ ಒಂದೇ ಇರಬಹುದು, ಆದರೆ ಇಡೀ ಕಾರ್ಡು ಯಾವ ಗೂಡಿಗೆ ಬೀಳಬೇಕು ಎನ್ನುವುದು ಅದರ ಮೇಲೆಯೇ ನಿಂತಿರುತ್ತದೆ. ತೂತು ಒಮ್ಮೆ ಬಿತ್ತೆಂದರೆ ಮುಚ್ಚಲು ಬರುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ನಾವು ದೀಕ್ಷೆ ತೆಗೆದುಕೊಂಡವರು. ಸುಳ್ಳು ಹೇಳುವುದಿಲ್ಲ ಎಂದು ಸಾವಿರ ಜನರ ನಡುವೆ ಕೈಯೆತ್ತಿ ಪ್ರತಿಜ್ಞೆ ಮಾಡಿದವರು. ಇನ್ನೊಬ್ಬರ ಜಾತಿಯ ಅಕ್ಷರವನ್ನು ಕದ್ದು ಒಳಗೆ ಹೋಗುವುದಾದರೆ ಹಿಂದಿನ ದೇವರುಗಳನ್ನು ಬಾವಿಗೆ ಹಾಕಿದ್ದು ಯಾಕೆ? ಮಾವನವರು ಹೋಗುವುದಾದರೆ ನೆಟ್ಟಗೆ ತಲೆಯೆತ್ತಿ ಹೋಗಲಿ. ರಿಂಗ್ ಖಾತೆಯಲ್ಲಿ, ಅಂದರೆ ನೂಲುವ ಕಡೆ, ನಮ್ಮವರನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ಅರ್ಜಿ ಹಾಕಲಿ. ನನ್ನ ಹೆಸರು ಹೇಳುವುದು ಬೇಡ, ವಶೀಲಿ ಎಂದಾಗುತ್ತದೆ.

ಸೈದಪ್ಪ


ಅಕ್ಕಲಕೋಟೆ
೧೮ ಮಾರ್ಚ್ ೧೯೫೭

ಪ್ರೀತಿಯ ಸೈದಪ್ಪನಿಗೆ ಆಶೀರ್ವಾದ. ಜೈಭೀಮ.

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು. ತಮ್ಮನಿಗೆ ಅಕ್ಷರ ಕಲಿಸಿದವಳು ನಾನು, ಅಕ್ಷರದ ಮರ್ಯಾದೆ ಏನೆಂದು ಅವನೇ ನನಗೆ ಕಲಿಸಬೇಕಾಯಿತು.

ರವಿವಾರ ನಮ್ಮವರೆಲ್ಲ ಬುದ್ಧವಂದನೆಗೆ ಸೇರಿದಾಗ, ಮಾವನ ಹೆಸರು ಬಿಟ್ಟು, ನಿನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ಮುದುಕ ಬಂಡೆಪ್ಪ ಎದ್ದು ನಿಂತು, "ಇಂಥಾ ಹತ್ತ ಮಂದಿ ಹುಡುಗ್ರು ಬೇಕ್ರಿ ನಮಗ" ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಅತ್ತಳು. ನಿನ್ನ ಮಾವನವರು ಮನೆಗೆ ಬಂದು ತಮ್ಮ ಪೆಟ್ಟಿಗೆಯಲ್ಲಿದ್ದ ನೇಯ್ಗೆಯ ಕತ್ತರಿಗೆ ಎಣ್ಣೆ ಹಚ್ಚಿ ಮತ್ತೆ ಒಳಗಿಟ್ಟರು. ಮರುದಿನ ಸೊಲ್ಲಾಪುರಕ್ಕೆ ಹೋಗಿ ತಾವೇ ಅರ್ಜಿ ಹಾಕಿ ಬಂದರು. ರಿಂಗ್ ಖಾತೆಯಲ್ಲಿ ಬದಲಿ ಕೆಲಸ ಸಿಕ್ಕಿದೆ. ಮಿಲ್ಲಿನ ಹಿಂದೆ ನಮ್ಮವರ ಸಾಲುಮನೆಗಳ ಚಾಳಿನಲ್ಲಿ ಇರುತ್ತಾರೆ.

ಒಂದೇ ಮಿಲ್ಲು, ಒಂದೇ ಗೇಟು. ಹೋಗುತ್ತ ಬರುತ್ತ ನೋಡುತ್ತಿರು. ರವಿವಾರ ಇಬ್ಬರೂ ಕೂಡಿ ಚಹಾ ಕುಡಿಯಿರಿ.

ಹಿರಾಬಾಯಿ


ಸೊಲ್ಲಾಪುರ
೨೧ ಎಪ್ರಿಲ್ ೧೯೫೭

ಅಕ್ಕನಿಗೆ ನಮಸ್ಕಾರ.

ಕೆಲಸ ಬಹಳ. ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಕಾರ್ಡಿಗೆ ಇಳಿಸುತ್ತಿದ್ದೇವೆ, ರವಿವಾರವೂ ಬಿಡುವಿಲ್ಲ. ಮಾವನವರನ್ನು ಕಾಣಲು ಆಗಿಲ್ಲ.

ಒಂದು ಮಾತು. ಇನ್ನು ಮೇಲೆ ಪೋಸ್ಟ್ ಕಾರ್ಡು ಬರೆಯಬೇಡ, ಲಕೋಟೆಯಲ್ಲಿ ಹಾಕು. ಇಲ್ಲಿಯ ಟಪಾಲಿನವನು ಕಾಗದವನ್ನು ಖಾನಾವಳಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾನೆ, ಕಂಡವರೆಲ್ಲ ಓದುತ್ತಾರೆ. ನನ್ನ ಕಾಗದಗಳನ್ನೂ ಸಭೆಯಲ್ಲಿ ಓದುವುದು ಬೇಡ.

ಸೈದಪ್ಪ


ಅಕ್ಕಲಕೋಟೆ
೫ ಮೇ ೧೯೫೭

ಪ್ರೀತಿಯ ಸೈದಪ್ಪನಿಗೆ ಆಶೀರ್ವಾದ. ಜೈಭೀಮ.

ಕಾರ್ಡು ಬೇಡ, ಲಕೋಟೆ ಬೇಕು, ಯಾರೂ ಓದಬಾರದು. ನನಗೆ ತಿಳಿಯಿತು ಬಿಡು. ಹುಡುಗಿ ಯಾರು? ಮಿಲ್ಲಿನಾಕೆಯೋ, ಖಾನಾವಳಿಯ ಓಣಿಯಾಕೆಯೋ? ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ನಿನ್ನ ಕಾಗದಗಳು ಸಣ್ಣವಾಗುತ್ತ ಬಂದಾಗಲೇ ನನಗೆ ಅನುಮಾನವಿತ್ತು.

ನಿನ್ನ ಮಾವನವರು ಮೊನ್ನೆ ಊರಿಗೆ ಬಂದಿದ್ದರು. ಮುಖ ಸೊರಗಿತ್ತು. ರಿಂಗ್ ಖಾತೆಯ ಹತ್ತಿಯ ಧೂಳಿಗೆ ಕೆಮ್ಮು ಹತ್ತಿದೆ. "ತಮ್ಮಗ ಭೆಟ್ಟಿ ಆಗಿದ್ರೇನು?" ಎಂದು ಕೇಳಿದೆ. "ದೂರಿಂದ ನೋಡೀನಿ. ಆರಾಮ ಅದಾನ. ಕೆಲಸ ಭಾಳ ಇರ್ತದ ಪಾಪ" ಎಂದರು. ಹೆಚ್ಚು ಕೇಳಿದರೆ ಕೆಮ್ಮು ಬಂದವರಂತೆ ಹೊರಗೆ ಎದ್ದುಹೋದರು.

ಸಾಲೆಗೆ ಸೂಟಿ ಬಿದ್ದಿದೆ. ಈ ತಿಂಗಳ ಕೊನೆಯ ಶನಿವಾರ ನಾನೇ ಬರುತ್ತೇನೆ. ಅವ್ವ ಶೇಂಗಾ ಹೋಳಿಗೆ ಮಾಡಿಕೊಡುತ್ತಾಳಂತೆ. ಆ ಲಕ್ಷ್ಮೀಬಾಯಿಯ ರೊಟ್ಟಿಯನ್ನೂ ನೋಡಿದಂತಾಯಿತು.

ಹಿರಾಬಾಯಿ


ಸೊಲ್ಲಾಪುರ
೨೩ ಮೇ ೧೯೫೭

ಅಕ್ಕ,

ಈ ವಾರ ಬರಬೇಡ. ಯಂತ್ರದ ಕೆಲಸ ಕಲಿಯಲು ನನ್ನನ್ನು ಮುಂಬಯಿಗೆ ಕಳಿಸುತ್ತಿದ್ದಾರೆ. ಯಾವಾಗ ಬರುತ್ತೇನೋ ತಿಳಿಯದು. ತಿರುಗಿ ಬಂದ ಮೇಲೆ ನಾನೇ ಅಕ್ಕಲಕೋಟೆಗೆ ಬರುತ್ತೇನೆ.

ಸೈದಪ್ಪ


ಅಕ್ಕಲಕೋಟೆ
೨೭ ಮೇ ೧೯೫೭

ಸೈದಪ್ಪ,

ನೀನು ಮುಂಬಯಿಗೆ ಹೋಗುತ್ತೇನೆಂದು ಬರೆದ ಕಾಗದ ಇವತ್ತು ಬಂತು. ಶನಿವಾರ ನಿನ್ನನ್ನು ಸೊಲ್ಲಾಪುರದಲ್ಲಿ ಕಣ್ಣಾರೆ ನೋಡಿ ಬಂದ ಮೇಲೆ ಅದನ್ನು ಓದಿದೆ.

ನಡೆದದ್ದು ನಿನಗೂ ಗೊತ್ತು. ಆದರೆ ನೀನು ಕಂಡದ್ದು ಕೊನೆಯ ಭಾಗ ಮಾತ್ರ, ಮೊದಲಿನದನ್ನು ನಾನು ಹೇಳುತ್ತೇನೆ. ಖಾನಾವಳಿಯ ಮುಂದೆ ನಿಂತು ಸೈದಪ್ಪ ಇದ್ದಾನೆಯೇ ಎಂದೆ. ಲಕ್ಷ್ಮೀಬಾಯಿ ಒಳ್ಳೆಯ ಹೆಂಗಸು. "ಈಗ ಬರೂ ಹೊತ್ತಾತು, ಕುಂಡ್ರು ಯವ್ವಾ. ನೀ ಅವರಿಗೆ ಏನಾಗಬೇಕು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಅವಳೇ, "ಪಾಪ, ಅವರಿಗೆ ಹಿಂದ ಮುಂದ ಯಾರೂ ಇಲ್ಲ. ಒಬ್ಬಾಕಿ ಅಕ್ಕ ಇದ್ಲಂತ, ಆಕಿನೂ ತೀರಿಕೊಂಡಾಳಂತ" ಎಂದಳು. ಸತ್ತವಳು ಏನು ಹೇಳಬೇಕು? ಅವರ ಊರಿನವಳು ಎಂದೆ.

ಕುಡಿಯಲು ನೀರು ಕೇಳಿದೆ. "ಯಾವ ಪೈಕಿ?" ಎಂದಳು. ಬೌದ್ಧರು ಎಂದೆ. ಅವಳಿಗೆ ಆ ಮಾತು ಹೊಸದು, ಹಾಗೆಂದರೆ ಯಾರು ಎಂದು ಬಿಡಿಸಿ ಕೇಳಿದಳು. ತಿಳಿದ ಮೇಲೆ ನನ್ನನ್ನು ಕಟ್ಟೆಯಿಂದ ಕೆಳಗೆ ಇಳಿಸಿ, ಮೇಲೆ ನಿಂತು ಬೊಗಸೆಗೆ ಹೊಯ್ದಳು. ನಾನು ಬಗ್ಗಿ ಕುಡಿಯುತ್ತಿದ್ದೆ. ಆಗ ನೀನು ಬಂದೆ. ಹಣೆಯ ಮೇಲೆ ವಿಭೂತಿ, ಅಂಗಿಯೊಳಗೆ ಲಿಂಗದ ಕರಡಿಗೆಯ ದಾರ. ನನಗೆ ತಾಗದಂತೆ ಸುತ್ತು ಹಾಕಿ ಮೇಲೆ ಹತ್ತಿದೆ. "ನಿಮ್ಮ ಊರಾಕಿ ಅಂತ ನೋಡ್ರಿ" ಎಂದು ಅವಳು ಹೇಳಿದರೆ, "ಇರಬೇಕ್ರಿ, ಊರ ಹೊರಗಿನ ಮಂದಿ, ಎಲ್ಲಾರ ಗುರ್ತ ಇರೂದಿಲ್ಲ" ಎಂದೆ. ಆಮೇಲೆ ಕೈ ತೊಳೆದು ಪಂಕ್ತಿಯಲ್ಲಿ ಕೂತೆ. ಹೋಳಿಗೆಯ ಗಂಟನ್ನು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಭಿಕ್ಷುಕನಿಗೆ ಕೊಟ್ಟೆ.

ಚಾಳಿಗೆ ಹೋದಾಗ ನಿನ್ನ ಮಾವನವರು ಮುಚ್ಚಿಟ್ಟಿದ್ದನ್ನು ಹೇಳಿದರು. ಗೇಟಿನಲ್ಲಿ ನಿನ್ನನ್ನು ಕೂಗಿದರಂತೆ. ನೀನು ತಲೆಯೆತ್ತಿ ಮಿಲ್ಲಿನ ಗಡಿಯಾರ ನೋಡುತ್ತ ನಡೆದುಹೋದೆಯಂತೆ. ನನಗೆ ನೋವಾಗಬಾರದೆಂದು ಇಷ್ಟು ದಿನ ಕೆಮ್ಮಿದರು.

ನಿನ್ನ ಕಾರ್ಡಿನ ಆ ಖಾನೆಯಲ್ಲಿ ಯಾವ ಅಕ್ಷರವಿದೆ, ಸೈದಪ್ಪ? ಮಾವನಿಗೆ ಕೂಡದೆಂದು ಪ್ರತಿಜ್ಞೆಯ ನೆಪ ಹೇಳಿದೆ. ಆ ಕಾಗದ ಓದಿ ನಾನು ಜನರಿಂದ ಚಪ್ಪಾಳೆ ಹೊಡೆಸಿದೆ. ನನ್ನ ಸಾವಿಗಿಂತ ನನಗೆ ಅದೇ ಹೆಚ್ಚು ಉರಿಯುತ್ತಿದೆ.

ಹಿರಾಬಾಯಿ


ಸೊಲ್ಲಾಪುರ
೧೬ ಜೂನ್ ೧೯೫೭

ಅಕ್ಕ,

ಇಷ್ಟು ದಿನ ಬರೆದು ಬರೆದು ಹರಿದೆ. ಕ್ಷಮಿಸು ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಎಲ್ ಇದೆ. ನಾನು ಹೊಡೆದದ್ದಲ್ಲ. ನೌಕರಿಗೆ ಬಂದ ದಿನ ಆ ಖಾನೆಯನ್ನು ಖಾಲಿ ಬಿಟ್ಟಿದ್ದೆ. ಸಿದ್ದರಾಮಪ್ಪನವರು ನನ್ನ ಕಾರ್ಡಿನಲ್ಲಿ ನಮ್ಮ ಹುಟ್ಟೂರು ಚಪಳಗಾಂವದ ಹೆಸರು ನೋಡಿ, "ಚಪಳಗಾಂವದಾಗ ಯಾರ ಮನಿತನ? ನೋಡಿದ್ರ ನಮ್ಮ ಪೈಕಿನ ಇದ್ದಂಗ ಅದೀ. ಖಾಲಿ ಬಿಡಬಾರದೋ ತಮ್ಮಾ" ಎಂದು ತಾವೇ ಎರಡು ತೂತು ಹೊಡೆದರು. ನಾನು ಸುಮ್ಮನೆ ನಿಂತೆ. ನಾನು ಮಾಡಿದ್ದು ಅಷ್ಟೇ. ಅದೇ ತಿಂಗಳು ನನ್ನ ಜೊತೆ ಮ್ಯಾಟ್ರಿಕ್ ಪಾಸಾದ ನಮ್ಮ ಹುಡುಗನೊಬ್ಬ ನಿಜ ಹೇಳಿದ್ದಕ್ಕೆ ಅವನನ್ನು ಅಂಗಳ ಗುಡಿಸಲು ಹಾಕಿದರು. ಸುಮ್ಮನೆ ನಿಂತದ್ದಕ್ಕೆ ವಿಭೂತಿ ಬೇಕಾಯಿತು, ವಿಭೂತಿಗೆ ಕರಡಿಗೆ ಬೇಕಾಯಿತು. ಕರಡಿಗೆ ಕಟ್ಟಿಕೊಂಡವನಿಗೆ ಅಕ್ಕ ಎಲ್ಲಿ, ಅವ್ವ ಎಲ್ಲಿ ಎಂದು ಜನ ಕೇಳುತ್ತಾರೆ.

ಮಾವನ ಊರೂ ಅದೇ. ಅವರ ಕಾರ್ಡಿಗೆ ಸುಳ್ಳು ಅಕ್ಷರ ಹೊಡೆದು ಸಿಕ್ಕಿಬಿದ್ದರೆ ಚಪಳಗಾಂವದ ಕಾರ್ಡುಗಳನ್ನೆಲ್ಲ ತೆಗೆದು ನೋಡುತ್ತಿದ್ದರು. ಅದಕ್ಕೇ ಹೆದರಿದೆ.

ನೀನು ಸತ್ಯವಂತೆ. ಆದರೆ ಸಾಲೆಯಲ್ಲಿ ನಿನ್ನ ಕುರ್ಚಿಯನ್ನು ಬಾಗಿಲ ಹೊರಗಿಟ್ಟಿದ್ದಾರೆ, ನಿನ್ನ ತಂಬಿಗೆಯನ್ನು ಬೇರೆ ಇಟ್ಟಿದ್ದಾರೆ ಎನ್ನುವುದನ್ನು ನೀನು ಯಾವ ಕಾಗದದಲ್ಲಿ ಬರೆದೆ? ಅದು ನನಗೆ ಬೇರೆಯವರಿಂದ ತಿಳಿಯಿತು. ಆ ತಂಬಿಗೆಯ ನೀರು ನನಗೆ ಬೇಡ, ಅಕ್ಕ. ನಾನು ಪಂಕ್ತಿಯಲ್ಲಿ ಕೂತು ಉಣ್ಣುತ್ತೇನೆ.

ನಿನ್ನ ಋಣ ಇಟ್ಟುಕೊಳ್ಳುವುದಿಲ್ಲ. ನಿನ್ನೆ ಮಾವನ ಹೆಸರಿಗೆ ಹೊಸ ಕಾರ್ಡು ಮಾಡಿ ಎಲ್ ಹೊಡೆದಿದ್ದೇನೆ. ಸೋಮವಾರ ನೇಯ್ಗೆ ಖಾತೆಯಿಂದ ಕರೆ ಹೋಗುತ್ತದೆ. ಕೇಳಿದವರಿಗೆ ಏನು ಹೇಳಬೇಕೆಂದು ನೀನೇ ಅವರಿಗೆ ತಿಳಿಸು, ನಾನು ಚಾಳಿಗೆ ಹೋಗಲಾರೆ. ಗೇಟಿನಲ್ಲಿ ನನ್ನ ಗುರುತು ಹಿಡಿಯುವುದು ಬೇಡ ಎಂದೂ ಹೇಳು.

ಸೈದಪ್ಪ


ಅಕ್ಕಲಕೋಟೆ
೩೦ ಜೂನ್ ೧೯೫೭

ಸೈದಪ್ಪ,

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಸೋಮವಾರ ಕಳೆದ ಮೇಲೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ತಂಬಿಗೆಯ ಮಾತು ನಿಜ. ಬೇರೆ ಇದೆ. ನೀನು ದೂರದಲ್ಲಿ ಸಂಕಟಪಡಬಾರದೆಂದು ಬರೆಯಲಿಲ್ಲ. ಅದು ನನ್ನ ತಂಬಿಗೆ, ನಾನು ಯಾರೆಂದು ತಿಳಿದೇ ಅದನ್ನು ಬೇರೆ ಇಟ್ಟಿದ್ದಾರೆ. ಅದರಲ್ಲಿ ಕುಡಿಯುವಾಗ ನನಗೆ ಪ್ರತಿ ದಿನ ಸಿಟ್ಟು ಬರುತ್ತದೆ. ಆ ಸಿಟ್ಟನ್ನಾದರೂ ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ.

ಈಗ ನಿನ್ನ ಮಾವನವರ ಸಂಗತಿ. ನೇಯ್ಗೆ ಖಾತೆಯಿಂದ ಕರೆ ಬಂದಾಗ ಅವರಿಗೆ ನಿನ್ನ ಎಲ್ ಗೊತ್ತಿರಲಿಲ್ಲ. ನಾವು ಯಾರೆಂದು ತಿಳಿದೇ ಕರೆದಿದ್ದಾರೆ ಎಂದುಕೊಂಡರು. "ಮಿಲ್ಲ ಸುಧಾರಿಸ್ತು ಅಂತ ತಿಳಿದೆ, ಹಿರಾ. ಅಂಗಿ ತೊಳಕೊಂಡ ಹೋದೆ" ಎಂದು ನನ್ನ ಮುಂದೆ ಹೇಳಿದರು. ಹಗಲು ಊಟದ ಹೊತ್ತಿನ ತನಕ ನೇಯ್ದರಂತೆ. ಒಂದು ಎಳೆಯೂ ಹರಿಯಲಿಲ್ಲವಂತೆ. ಮುಕಾದಮ ಶಿವಶರಣಪ್ಪ ಬಂದು ಬಟ್ಟೆ ಸವರಿ ನೋಡಿ, "ಎಲ್ಲಿ ಅಡಗಿಸಿಟ್ಟಿದ್ರೋ ಇಂಥಾ ಕೈ" ಎಂದನಂತೆ. ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡಲು ಬಂದನಂತೆ. "ಚಪಳಗಾಂವದ ಯಾವ ಮನಿಯವರು?" ಎಂದು ಕೇಳಿದ. ಅವರು ಸಂತೋಷದಲ್ಲಿದ್ದರು. ಹೊಲೆಗೇರಿಯವರು, ಈಗ ಬೌದ್ಧರಾಗಿದ್ದೇವೆ ಎಂದು ಹೇಳಿದರು. ಅವನಿಗೆ ತಿಳಿದೇ ಇದೆ, ಸುಮ್ಮನೆ ಮಾತಿಗೆ ಕೇಳುತ್ತಿದ್ದಾನೆ ಎಂದೇ ತಿಳಿದಿದ್ದರು.

ಸುತ್ತಲಿನ ನೇಕಾರರು ಒಂದೊಂದಾಗಿ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ನಿನ್ನ ಮಾವನವರು ಬಾಯಿ ಹಚ್ಚಿದ ಲಾಳಿಗಳನ್ನು ಚಿಮಟಿಗೆಯಲ್ಲಿ ಎತ್ತಿ ಬಾಯ್ಲರಿನ ಬೆಂಕಿಗೆ ಹಾಕಿದರು. ನೇಯ್ದ ಬಟ್ಟೆಯನ್ನು ಮಾತ್ರ ಯಾರೂ ಸುಡಲಿಲ್ಲ, ಅದು ಗಿರಣಿಯ ಮಾಲು. ಸುಳ್ಳು ಜಾತಿ ಹೇಳಿ ಒಳಗೆ ಬಂದ ಎಂದು ಅವರನ್ನು ಮಿಲ್ಲಿನಿಂದಲೇ ತೆಗೆದುಹಾಕಿದರು. ರಿಂಗ್ ಖಾತೆಯೂ ಹೋಯಿತು. ಒಂದೂ ಸುಳ್ಳು ಹೇಳದ ಮನುಷ್ಯ ಸುಳ್ಳುಗಾರನೆಂದು ಹಣೆಪಟ್ಟಿ ಕಟ್ಟಿಸಿಕೊಂಡು ಬಂದರು. ಆ ಎರಡು ತೂತು ನೀನು ಹೊಡೆಯದೆ ಇದ್ದಿದ್ದರೆ ಕೆಮ್ಮುತ್ತಾದರೂ ದುಡಿಯುತ್ತಿದ್ದರು. ನಾಳೆಯಿಂದ ಮತ್ತೆ ಜಲ್ಲಿ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಕಾರ್ಡು ಹೊಡೆದವನು ನೀನೇ ಎಂದು ಅವರಿಗೆ ಟೈಮ್ ಆಫೀಸಿನಲ್ಲಿ ನಿಂತಾಗಲೇ ಹೊಳೆದಿತ್ತಂತೆ. ಸಿದ್ದರಾಮಪ್ಪನವರು ವಿಚಾರಣೆ ಮಾಡುವಾಗ ನೀನು ಮೂಲೆಯ ಮೇಜಿನಲ್ಲಿ ಈ ಕಡೆ ಬೆನ್ನು ಹಾಕಿ ಗುಂಡಿ ಒತ್ತುತ್ತಿದ್ದೆಯಂತೆ. "ಇಷ್ಟ ಮಾಡಾಕ ಒಳಗಿನವರು ಯಾರರ ಬೇಕು. ಈ ಮಿಲ್ಲಿನಾಗ ನಿನ್ನ ಪೈಕಿ ಯಾರ ಅದಾರ, ಹೇಳು" ಎಂದು ಕೇಳಿದರಂತೆ. ಇವರು, "ಯಾರೂ ಇಲ್ಲರಿ" ಎಂದರಂತೆ.

"ಅವನ್ನ ಉಳಸಾಕ ಹಂಗ ಅಂದ್ರಿ ಏನು?" ಎಂದು ನಾನು ಕೇಳಿದೆ. "ಉಳಸಾಕಂತನ ಬಾಯಿ ತಗದೆ. ಅಂದ ಮ್ಯಾಲ ಅದು ಖರೇನ ಅನಿಸ್ತು" ಎಂದರು.

ಇನ್ನೊಂದು ಮಾತನ್ನು ಅವರು ಊಟಕ್ಕೆ ಕೂತಾಗ ಹೇಳಿದರು. ಆ ಪ್ರಶ್ನೆ ಕೇಳಿದಾಗ ನಿನ್ನ ಗುಂಡಿಗಳ ಸಪ್ಪಳ ನಿಂತಿತಂತೆ. ಇವರು ಯಾರೂ ಇಲ್ಲ ಎಂದ ಮೇಲೆ ಮತ್ತೆ ಶುರುವಾಯಿತಂತೆ.

ಹಿರಾಬಾಯಿ